ಬೇಡದ ಸಾಲು ಅಂತ ತೆಗೆದ, ಕಾರ್ಯಕ್ರಮವೇ ಕೆಟ್ಟಿತು

ಪ್ರಶ್ನೆ

ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ (ಅದರದೇ ಫಾಂಟ್ ಇದ್ದರೆ ಮಾತ್ರ ಓದಲು ಬರುವ) ಫೈಲುಗಳನ್ನು ಯೂನಿಕೋಡಿಗೆ (ಎಲ್ಲ ಕಡೆ ಓದಲು ಬರುವ ಈಗಿನ ಪದ್ಧತಿಗೆ) ತರುವ ಪೈಥಾನ್ ಸ್ಕ್ರಿಪ್ಟ್ ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಹಾಕಿದ್ದೇನೆ. ಒಂದೇ ಫೈಲು, ಸುಮಾರು 900 ಸಾಲು. ಹೋದ ವಾರ ಒಬ್ಬ ಹುಡುಗ ಮೊದಲ ಸಲ ಪುಲ್ ರಿಕ್ವೆಸ್ಟ್ (ನಾನು ಮಾಡಿದ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದ. "ಬೇಡದ 6 ಸಾಲು ತೆಗೆದಿದ್ದೇನೆ ಸರ್" ಅಂತ. ನಾನೂ ಸರಿಯಾಗಿ ನೋಡದೆ ಮರ್ಜ್ ಮಾಡಿಬಿಟ್ಟೆ. ಮಾರನೇ ದಿನ ನೋಡಿದರೆ "ಕಾರ್ಯಕ್ರಮ" ಎಲ್ಲ ಕಡೆ "ಕಾಯರ್ಕ್ರಮ" ಆಗಿ ಕೂತಿದೆ!

ಹುಡುಗನದು ತಪ್ಪಲ್ಲ. ಆ ಸಾಲುಗಳ ಮೇಲೆ ನಾನು ಬರೆದಿದ್ದ ಕಾಮೆಂಟ್ (ಓದುವವರಿಗಾಗಿ ಕೋಡಿನೊಳಗೆ ಬರೆಯುವ ಟಿಪ್ಪಣಿ) ಇಷ್ಟೇ: "ಇಲ್ಲಿ ಅದಲುಬದಲು". ಇನ್ನು ಸಾಲುಸಾಲಿಗೂ ಕಾಮೆಂಟ್ ಹಾಕಬೇಕಾ? ನೀವೆಲ್ಲ ಏನು ಮಾಡ್ತೀರಿ?

ಉತ್ತರ 1

ಸಾಲುಸಾಲಿಗೂ ಬೇಡ ಮಾರಾಯ್ರೇ. "ಎಣಿಕೆಗೆ 1 ಕೂಡಿಸು" ಅಂತ ಬರೆದರೆ ಯಾರಿಗೆ ಉಪಯೋಗ? ಏನು ಮಾಡುತ್ತೆ ಅನ್ನೋದನ್ನು ಕೋಡೇ ಹೇಳುತ್ತೆ. ಯಾಕೆ ಅನ್ನೋದನ್ನು ಹೇಳೋದಿಲ್ಲ. ಹೀಗೆ ಬರೀಬಹುದಿತ್ತು:

"ನುಡಿ ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಕಾರ್ಯ ಪದದಲ್ಲಿ ಯ ಆದಮೇಲೆ ಇರುತ್ತೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರ್, ಆಮೇಲೆ ಯ. ಅದಕ್ಕೇ ಹಿಂದಕ್ಕೆ ಸರಿಸಿದ್ದೇವೆ. ತೆಗೆದರೆ ಕಾರ್ಯ ಕೆಡುತ್ತೆ."

ಕನ್ನಡದಲ್ಲೇ ಬರೆಯಿರಿ. ಈ ಕೋಡ್ ಮುಟ್ಟೋರಿಗೆಲ್ಲ ಅರ್ಕಾವೊತ್ತು ಗೊತ್ತಿರುತ್ತೆ, ಅಲ್ವಾ?

ಉತ್ತರ 2

ಸುಮ್ನೆ ಕಾಮೆಂಟ್ ನಂಬಿ ಕೂರಬೇಡಿ, ಹಳಸುತ್ತೆ. ಪೈಥಾನಿನಲ್ಲಿ ಡಾಕ್‌ಟೆಸ್ಟ್ ಇದೆಯಲ್ಲ! ಫಂಕ್ಷನ್ನಿನ (ಒಂದು ಕೆಲಸಕ್ಕೆ ಬರೆದ ಕೋಡಿನ ತುಂಡಿನ) ಆರಂಭದಲ್ಲಿ ಬರೆಯುವ ವಿವರಣೆ, ಅಂದರೆ ಡಾಕ್‌ಸ್ಟ್ರಿಂಗಿನಲ್ಲೇ ಒಂದು ಆಸ್ಕಿ ಪದ ಕೊಟ್ಟು, ಉತ್ತರ "ಕಾರ್ಯ" ಅಂತ ಬರೆಯಿರಿ. ಓದುವವರಿಗೆ ಅದು ಉದಾಹರಣೆ, ಓಡಿಸಿದರೆ ಟೆಸ್ಟ್. ಪ್ರತಿ ಪುಲ್ ರಿಕ್ವೆಸ್ಟಿಗೂ ತಾನಾಗೇ ಓಡುವ ಹಾಗೆ ಇಟ್ಟಿದ್ದರೆ ಹುಡುಗನಿಗೆ ಅಲ್ಲೇ ಕೆಂಪು ಗುರುತು ಕಾಣುತ್ತಿತ್ತು.

ಉತ್ತರ 3

ನಿಮ್ಮ ಪ್ರಾಜೆಕ್ಟಿನ ಪರಿಚಯ ಫೈಲು ರೀಡ್‌ಮೀ ನೋಡಿದೆ. ಬಳಸೋರಿಗೆ ಚೆನ್ನಾಗಿದೆ, ಕೋಡ್ ಮುಟ್ಟೋರಿಗೆ ಏನೂ ಇಲ್ಲ. ಅಕ್ಷರಗಳ ಪಟ್ಟಿ ಎಲ್ಲಿದೆ, ಒತ್ತಕ್ಷರ ಯಾವ ಫಂಕ್ಷನ್ ನೋಡಿಕೊಳ್ಳುತ್ತೆ, ಒಂದು ಪದ ಕೆಟ್ಟರೆ ಮೊದಲು ಎಲ್ಲಿ ಹುಡುಕಬೇಕು? ಅರ್ಧ ಪುಟ ಸಾಕು. ಅದನ್ನು ಆ ಹುಡುಗನ ಕೈಲೇ ಬರೆಸಿ. ಎಲ್ಲಿ ಎಡವಿದೆ ಅನ್ನೋದು ಅವನಿಗೆ ಇನ್ನೂ ನೆನಪಿರುತ್ತೆ.

ಪ್ರಶ್ನೆ ಕೇಳಿದವರು

ಹುಡುಗ ಬರೆಯೋಕೆ ಕೂತಿದ್ದಾನೆ. ಬೆಳಗ್ಗೆ ಫೋನ್ ಮಾಡಿ, "ಸರ್, 412ನೇ ಸಾಲಿನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿದ್ದೀರಲ್ಲ, ಯಾಕೆ?" ಅಂದ. "ಸಾಫ್ಟ್‌ವೇರ್" ಬರೆಯುವಾಗ ವ ಹೋಗಿ ಟ ಕೆಳಗೆ ಒತ್ತಾಗದಿರಲಿ ಅಂತ ಹಾಕಿರಬೇಕು. ಯಾರು ಹಾಕಿದ್ದು ಅಂತ ಗಿಟ್ ಬ್ಲೇಮ್ ನೋಡಿದೆ. ನನ್ನದೇ ಹೆಸರು. ಆ ಬದಲಾವಣೆ ಜೊತೆ ಬರೆದಿದ್ದ ಕಮಿಟ್ ಮೆಸೇಜು: "ಸಣ್ಣ ಫಿಕ್ಸ್".