ಹೊರಗೆಲ್ಲ ತೆರೆಯುವ ನಮ್ಮ ವೆಬ್‌ಸೈಟ್ ಆಫೀಸಿನೊಳಗೆ ಮಾತ್ರ ಬರುತ್ತಿಲ್ಲ

ಮಲೆನಾಡ ಲೆಕ್ಕಿಗ:
ನಮಸ್ಕಾರ. ಒಂದು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವನು ನಾನು. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂದ ತಪ್ಪಿಗೆ ನೆಟ್‌ವರ್ಕೂ ನನ್ನ ತಲೆಗೇ ಬಂದಿದೆ. 14 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್ (192.168.1.10). ಎಲ್ಲರ ಲಾಗಿನ್ ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿ, ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್ಎಸ್ ಎರಡೂ ಅದರಲ್ಲೇ.

ಹೋದ ವಾರ ಹೊಸ ವೆಬ್‌ಸೈಟ್ ಆಯಿತು, ಹೊರಗಿನ ಹೋಸ್ಟಿಂಗ್‌ನಲ್ಲಿ. ದಿನದ ಅಡಿಕೆ ದರ ಅದರಲ್ಲೇ ಹಾಕುತ್ತೇವೆ. ಈಗ ಕೌಂಟರ್ ಮುಂದೆ ನಿಂತ ಸದಸ್ಯರು ಮೊಬೈಲಲ್ಲಿ ರಾಶಿ ಅಡಿಕೆ ದರ ನೋಡಿ ನಮಗೇ ಹೇಳುತ್ತಾರೆ. ಒಳಗೆ ಕೂತ ನಮಗೆ ಪುಟವೇ ಬರುವುದಿಲ್ಲ! ಬೇರೆ ಸೈಟ್‌ಗಳಿಗೆ ಏನೂ ತೊಂದರೆ ಇಲ್ಲ. ಒಂದು ಕಂಪ್ಯೂಟರಿಗೆ ಗೂಗಲ್‌ನ ಡಿಎನ್ಎಸ್ 8.8.8.8 ಅಂತ ಕೊಟ್ಟೆ, ಸೈಟ್ ಬಂತು. ಮರುದಿನ ಅದರಲ್ಲಿ ಲಾಗಿನ್ ಆಗೋಕೆ ಕಾಲು ಗಂಟೆ ಬೇಕಾಯಿತು, ಶೇರ್ ಫೋಲ್ಡರೂ ಮಾಯ.

ಹಳೇ ಕೇಬಲ್:
ನಿಮ್ಮ ಒಳಗಿನ ಡೊಮೇನ್ ಹೆಸರು, ವೆಬ್‌ಸೈಟ್ ಹೆಸರು ಎರಡೂ ಒಂದೇನಾ ಸಾರ್? ಹೆಸರಿಗೆ ಯಾವ ಐಪಿ ಅಂತ ತೋರಿಸುವ ಎನ್ಎಸ್‌ಲುಕಪ್ ಕಮಾಂಡ್ ಏನು ಹೇಳುತ್ತೆ?

ಮಲೆನಾಡ ಲೆಕ್ಕಿಗ:
ಒಂದೇ. ಮುಂದೆ ಮೂರು ಡಬ್ಲ್ಯೂ ಹಾಕಿ ಕೇಳಿದರೆ 'ನಾನ್-ಎಕ್ಸಿಸ್ಟೆಂಟ್ ಡೊಮೇನ್'. ಬರೀ ಹೆಸರು ಕೇಳಿದರೆ 192.168.1.10.

ಹಳೇ ಕೇಬಲ್:
ಗಂಟು ಅಲ್ಲೇ ಇದೆ. ಆ ಹೆಸರಿಗೆ ತಾನೇ ಯಜಮಾನ ಅಂದುಕೊಂಡಿದೆ ನಿಮ್ಮ ಸರ್ವರ್. ತನ್ನ ಪಟ್ಟಿಯಲ್ಲಿ ಇಲ್ಲದಿದ್ದರೆ ಹೊರಗೆ ಯಾರನ್ನೂ ಕೇಳದೆ 'ಇಲ್ಲ' ಅಂದುಬಿಡುತ್ತೆ.

ಡಿಎನ್ಎಸ್ ಮ್ಯಾನೇಜರ್‌ನಲ್ಲಿ ನಿಮ್ಮ ಝೋನ್ (ಅಂದರೆ ಆ ಹೆಸರಿನ ಪಟ್ಟಿ) ಮೇಲೆ ರೈಟ್ ಕ್ಲಿಕ್ ಮಾಡಿ, 'ನ್ಯೂ ಹೋಸ್ಟ್' ಒತ್ತಿ. ಹೆಸರಿನ ಜಾಗದಲ್ಲಿ ಮೂರು ಡಬ್ಲ್ಯೂ ಮಾತ್ರ, ಪೂರ್ತಿ ಹೆಸರು ಬೇಡ. ಐಪಿ ಜಾಗದಲ್ಲಿ ಹೋಸ್ಟಿಂಗ್‌ನ ಐಪಿ. ಆಮೇಲೆ ನೆನಪಿಟ್ಟುಕೊಂಡ ಹಳೇ ಉತ್ತರ ಅಳಿಸೋಕೆ ಕಂಪ್ಯೂಟರುಗಳಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್.

8.8.8.8 ಅನ್ನು ಕಂಪ್ಯೂಟರಿನಿಂದ ಈಗಲೇ ತೆಗೆಯಿರಿ. ನಿಮ್ಮ ಡೊಮೇನ್ ಸರ್ವರ್ ಎಲ್ಲಿದೆ ಅಂತ ಗೂಗಲ್‌ಗೆ ಹೇಗೆ ಗೊತ್ತಿರುತ್ತೆ? ಬೇಕಿದ್ದರೆ ಸರ್ವರಿನ ಫಾರ್ವರ್ಡರ್‌ನಲ್ಲಿ (ಹೊರಗಿನ ಹೆಸರುಗಳನ್ನು ಸರ್ವರ್ ಯಾರನ್ನು ಕೇಳಬೇಕು ಅಂತ ಹೇಳುವ ಜಾಗ) ಇರಲಿ.

ಘಟ್ಟದ ಕೆಳಗಿನವಳು:
ಒಂದು ಮಾತು ಸೇರಿಸುತ್ತೇನೆ. ಹೋಸ್ಟಿಂಗ್‌ನವರು ಐಪಿ ಬದಲಿಸಿದರೆ ನಿಮ್ಮ ಎ ರೆಕಾರ್ಡ್ ('ನ್ಯೂ ಹೋಸ್ಟ್'ನಲ್ಲಿ ಹಾಕುವ ಹೆಸರು-ಐಪಿ ಸಾಲು) ಹಳೆಯದಾಗಿಯೇ ಉಳಿಯುತ್ತೆ. ನಮ್ಮ ಕಚೇರಿಯಲ್ಲಿ ಹೀಗಾಗಿ, ಊರಿಗೆಲ್ಲ ಹೊಸ ಸೈಟ್, ನಮಗೆ ಮಾತ್ರ ಎರಡು ದಿನ ಹಳೇ ಸೈಟ್! ಅವರು ಹೆಸರು ಕೊಟ್ಟಿದ್ದರೆ ಐಪಿ ಬದಲು ಆ ಹೆಸರಿಗೇ ಸಿನೇಮ್ (ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಕೈ ತೋರಿಸುವ ರೆಕಾರ್ಡ್) ಹಾಕಿ. ಮೇಲ್ ಹೊರಗಿದ್ದರೆ ಅದರ ರೆಕಾರ್ಡೂ ಒಳಗೆ ಬೇಕು.

ಝೋನ್‌ನಲ್ಲಿ 'ಸೇಮ್ ಆ್ಯಸ್ ಪೇರೆಂಟ್ ಫೋಲ್ಡರ್' ಅಂತ 192.168.1.10ಕ್ಕೆ ಇರುವ ಎ ರೆಕಾರ್ಡ್ ಮುಟ್ಟಬೇಡಿ. ಗ್ರೂಪ್ ಪಾಲಿಸಿ (ಸರ್ವರ್ ಎಲ್ಲ ಕಂಪ್ಯೂಟರಿಗೂ ಕೊಡುವ ಸೆಟ್ಟಿಂಗ್) ತರೋಕೆ ಕಂಪ್ಯೂಟರುಗಳಿಗೆ ಅದೇ ದಾರಿ. ಅಂದರೆ ಬರೀ ಹೆಸರು ಹೊಡೆದರೆ ಆಫೀಸಿನೊಳಗೆ ಸೈಟ್ ಬರಲ್ಲ. ಸರ್ವರಿನಲ್ಲಿ ಐಐಎಸ್ ಅನ್ನೋ ವೆಬ್ ಸರ್ವರ್ ಹಾಕಿ ಮೂರು ಡಬ್ಲ್ಯೂ ಹೆಸರಿಗೆ ರೀಡೈರೆಕ್ಟ್ ಮಾಡುವವರೂ ಇದ್ದಾರೆ. ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ಇರುವ ಸರ್ವರ್) ಮೇಲೆ ಸುಮ್ನೆ ವೆಬ್ ಸರ್ವರ್ ಯಾಕೆ, ನನಗಂತೂ ಇಷ್ಟವಿಲ್ಲ.

ಮಲೆನಾಡ ಲೆಕ್ಕಿಗ:
ಎ ರೆಕಾರ್ಡ್ ಹಾಕಿದೆ. ಎನ್ಎಸ್‌ಲುಕಪ್ ಸರಿಯಾದ ಐಪಿ ತೋರಿಸಿತು, ಸೈಟ್ ಮಾತ್ರ ಬರಲಿಲ್ಲ. ಅಡ್ರೆಸ್ ಬಾರ್ ನೋಡುತ್ತಾ ಕೂತೆ. ಎಂಟರ್ ಒತ್ತಿದ ಕೂಡಲೇ ಮೂರು ಡಬ್ಲ್ಯೂ ಹಾರಿಹೋಗುತ್ತಿತ್ತು! ಸೈಟೇ ಎಲ್ಲರನ್ನೂ ಬರೀ ಹೆಸರಿಗೆ ಕಳಿಸುತ್ತಿತ್ತು. ಸೈಟ್ ಮಾಡಿದ ಹುಡುಗನಿಗೆ ಫೋನ್ ಮಾಡಿ ಸೈಟ್ ನಡೆಸುವ ವರ್ಡ್‌ಪ್ರೆಸ್‌ನ ಸೆಟ್ಟಿಂಗ್‌ನಲ್ಲಿರುವ ಎರಡು ವಿಳಾಸಕ್ಕೂ ಮೂರು ಡಬ್ಲ್ಯೂ ಹಾಕಿಸಿದೆ. ಬ್ರೌಸರಿನ ಕ್ಯಾಶೆ ಅಳಿಸಿದ ಮೇಲೆ ಬಂತು.

ಇವತ್ತು ದರ ಕೌಂಟರಿನಲ್ಲೇ ಕಂಡಿತು. ನಮ್ಮ ಮ್ಯಾನೇಜರ್ ಮಾತ್ರ ಇನ್ನೂ ಬರೀ ಹೆಸರೇ ಹೊಡೆಯುತ್ತಾರೆ. ಅವರ ಡೆಸ್ಕ್‌ಟಾಪಿಗೆ ಶಾರ್ಟ್‌ಕಟ್ ಹಾಕಿಕೊಟ್ಟು ಬಂದೆ.