ಹಳೇ ಹೈಬ್ರಿಡ್ ಗಾಡಿ: ಗೇರ್‌ಬಾಕ್ಸ್ ಖರೇನೇ ಹೋಗ್ಯಾದೇನು? ವಾರಂಟಿ ಸಿಗ್ತದೇನು?

ಸೇಡಂ ರೋಡ್:
ಸೆಕೆಂಡ್ ಹ್ಯಾಂಡ್ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೋಡಿ ಕರೆಂಟ್ ಮೋಟಾರಿನ ಮ್ಯಾಲೂ ಓಡೋ) ಎಸ್‌ಯುವಿ, ಮೂರೂವರೆ ವರ್ಷ ಹಳೇದು, 78,000 ಕಿ.ಮೀ. ಓಡ್ಯಾದ. ಹುಮನಾಬಾದ್ ಕಡೆ ಏರಿನ್ಯಾಗ ಎಂಜಿನ್ ಒದರ್ತದ, ಸ್ಪೀಡ್ ಏರಂಗಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎರಡು ಸಲ ಹೈಬ್ರಿಡ್ ವಾರ್ನಿಂಗ್ ಬಂದು ಪಿಕಪ್ ಬಿತ್ತು, ಸಂಜಿಗೆ ತಾನೇ ಸರಿ ಆಯ್ತು. ಗ್ಯಾರೇಜಿನವರು ಬೆಲ್ಟ್ ಜಾರ್ತದ, ಗೇರ್‌ಬಾಕ್ಸ್ ಇಳಿಸಬೇಕು ಅಂತಾರ. ಬ್ಯಾಟರಿಯ 8 ವರ್ಷದ ವಾರಂಟಿಯಾಗ ಇದು ಬರ್ತದೇನ್ರಿ?

ಇ-ಸಿವಿಟಿ ಮಿಸ್ತ್ರಿ:
ಇಳಿಸಬ್ಯಾಡ್ರಿ! ಟೊಯೊಟಾ ತರದ ಇ-ಸಿವಿಟಿ (ಹೈಬ್ರಿಡ್ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆಗಿದ್ರ ಅದ್ರಾಗ ಬೆಲ್ಟೇ ಇಲ್ಲ. ಒಂದು ಪ್ಲಾನೆಟರಿ ಗೇರ್ (ನಡುವಿನ ಗೇರಿನ ಸುತ್ತ ಸಣ್ಣ ಗೇರ್ ತಿರಗೋ ಜೋಡಣಿ), ಎರಡು ಮೋಟಾರ್, ಅಷ್ಟೇ. ಏರಿನ್ಯಾಗ ಎಂಜಿನ್ ಒದರೋದು ಅದರ ಗುಣ. ರಿವರ್ಸಿಗೂ ಬ್ಯಾರೆ ಗೇರಿಲ್ಲ, ಮೋಟಾರೇ ಉಲ್ಟಾ ತಿರಗ್ತದ.

ಬಿಸಿಲಿಗೆ ಬಂದು ಸಂಜಿಗೆ ಹೋಗೋ ವಾರ್ನಿಂಗ್ ಅಂದ್ರ ಮದಲ ಕೂಲಿಂಗ್ ನೋಡ್ಬೇಕು. ಇನ್ವರ್ಟರಿಗೆ (ಬ್ಯಾಟರಿ ಕರೆಂಟನ್ನ ಮೋಟಾರಿಗೆ ಬೇಕಾದಂಗ ಬದಲಿಸೋ ಪೆಟ್ಟಿಗಿ) ಎಂಜಿನ್ ಬಿಟ್ಟು ಬ್ಯಾರೆ ಕೂಲಂಟ್ ಡಬ್ಬಿ, ಬ್ಯಾರೆ ಕರೆಂಟ್ ಪಂಪ್ ಇರ್ತಾವ. ಗಾಡಿ ರೆಡಿ ಮಾಡಿ ಆ ಡಬ್ಬಿ ಮುಚ್ಚಳ ತೆಗದು ನೋಡ್ರಿ (ಗಾಡಿ ತಣ್ಣಗಿದ್ದಾಗ ಮಾತ್ರ), ಕೂಲಂಟ್ ಕದಲದಿದ್ರ ಪಂಪ್ ಮ್ಯಾಲೆ ಅನುಮಾನ. ಆಮ್ಯಾಲೆ ಹಿಂದಿನ ಸೀಟಿನ ಹತ್ರ ಬ್ಯಾಟರಿಗೆ ಗಾಳಿ ಎಳ್ಯೋ ಜಾಳಿಗಿ. ತೊಗರಿ ರಾಶಿ ದೂಳು, ಸಿಮೆಂಟ್ ಲಾರಿ ದೂಳು ಅಲ್ಲಿ ಕಂಬಳಿಯಂಗ ಕೂಡ್ತದ. 12 ವೋಲ್ಟ್ ಬ್ಯಾಟರಿ ಗಾಡಿ ಬಂದ್ ಇದ್ದಾಗ 12.2ಕ್ಕಿಂತ ಕಮ್ಮಿ ತೋರಿಸಿದ್ರ ಅದೂ ಸುಳ್ಳು ವಾರ್ನಿಂಗ್ ಹಚ್ಚತದ. ಕಿತ್ತಳಿ ಬಣ್ಣದ ಕೇಬಲ್ ಮುಟ್ಟಬ್ಯಾಡ್ರಿ, ಅದು ಹೈ ವೋಲ್ಟೇಜ್.

ಸ್ಕ್ಯಾನರಿನ್ಯಾಗ ಬರೋ ದೋಷದ ಕೋಡ್ ಅಳಸೋಕಿನ ಮುಂಚೆ ಫ್ರೀಜ್ ಫ್ರೇಮ್ (ದೋಷ ಬಂದ ಹೊತ್ತಿನ ರೀಡಿಂಗ್) ಸಮೇತ ಪ್ರಿಂಟ್ ತಗೋರಿ. ಪಿ0ಎ93 ಬಂದ್ರ ಇನ್ವರ್ಟರ್ ಕೂಲಿಂಗ್, ಪಿ0ಎ80 ಬಂದ್ರ ಬ್ಯಾಟರಿ ಪ್ಯಾಕ್, ಪಿ0ಎಎ6 ಬಂದ್ರ ಹೈ ವೋಲ್ಟೇಜ್ ಕರೆಂಟ್ ಗಾಡಿಯ ಲೋಹದ ಮೈಗೆ ಸೋರಿಕಿ. ಕೊನೇದು ಗೇರ್‌ಬಾಕ್ಸಿಗೆ ತಪ್ಪು ಎಣ್ಣಿ ಹಾಕಿದ್ರೂ ಬರಬಹುದು, ಯಾಕಂದ್ರ ಮೋಟಾರ್ ಸುತ್ತು ಅದ್ರಾಗೇ ಮುಳುಗಿರ್ತಾವ. ಕೈಪಿಡಿಯಾಗ ಬರದ ಗ್ರೇಡೇ ಹಾಕ್ಬೇಕು. ಎಂಜಿನ್ ಬಂದ್ ಆಗಿ ಬರೇ ಮೋಟಾರಿನ ಮ್ಯಾಲೆ (ಇವಿ) ಹೋಗುವಾಗ್ಲೂ ಸ್ಪೀಡಿನ ಜೋಡಿ ಏರೋ ಗುಂಯ್ ಸದ್ದಿದ್ರ ಮಾತ್ರ ಬೇರಿಂಗ್ ಮಾತು.

ಕಾಗದಪತ್ರ:
8 ವರ್ಷ ಇಲ್ಲಾ 1,60,000 ಕಿ.ಮೀ. ಅನ್ನೋದು ಹೈಬ್ರಿಡ್ ಬ್ಯಾಟರಿಗೆ. ಇನ್ವರ್ಟರ್, ಗೇರ್‌ಬಾಕ್ಸ್ ಸಾಮಾನ್ಯ ವಾರಂಟಿಯಾಗ ಬರ್ತಾವ, ಟೊಯೊಟಾದ್ದಾದ್ರ 3 ವರ್ಷ ಇಲ್ಲಾ 1 ಲಕ್ಷ ಕಿ.ಮೀ. ದಿನ ಎಣಸೋದು ಮೊದಲ ಮಾಲಕ ಗಾಡಿ ತಗೊಂಡ ದಿನದಿಂದ. ಹಂಗಾಗಿ ನಿಮ್ದು ಮುಗದದ. ಆದ್ರ ಹಳೇ ಮಾಲಕ ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ರ? ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರಿನ್ಯಾಗ ಕೇಳ್ರಿ, ನಿಮ್ಮ ಹೆಸರಿಗೆ ವರ್ಗಾಯಿಸ್ಕೋರಿ. ಸೆಕೆಂಡ್ ಹ್ಯಾಂಡ್ ಡೀಲರ್ ಕೊಟ್ಟ ವಾರಂಟಿ ಕಾಗದದಾಗ ಬರೇ ‘ಎಂಜಿನ್, ಗೇರ್‌ಬಾಕ್ಸ್’ ಅಂತಿದ್ರ ಇನ್ವರ್ಟರಿಗೆ ಕೈ ಎತ್ತಿಬಿಡ್ತಾರ.

ವಾರಂಟಿಯಾಗ ಆಗಂಗಿಲ್ಲ ಅಂದ್ರ ಕಾರಣ ಜಾಬ್ ಕಾರ್ಡಿನ ಮ್ಯಾಲೆ ಬರಸ್ಕೋರಿ. ಮದಲ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ದೂರು, ಆಮ್ಯಾಲೆ ಜಿಲ್ಲಾ ಗ್ರಾಹಕ ಆಯೋಗ, 2 ವರ್ಷದೊಳಗ.

ಸೇಡಂ ರೋಡ್:
ಜಾಳಿಗಿ ಬಿಚ್ಚಿದ್ರ ಒಂದು ಮುಷ್ಟಿ ದೂಳು. ಕೋಡ್ ನಾಳೆ ತಗಸ್ತೀನ್ರಿ. ಟೋ ಮಾಡ್ಕೊಂಡು ಹೋಗ್ಲೇನು?

ಇ-ಸಿವಿಟಿ ಮಿಸ್ತ್ರಿ:
ಮುಂದಿನ ಗಾಲಿ ನೆಲಕ್ಕ ಹತ್ತಬಾರ್ದು. ತಿರಗಿದ್ರ ಮೋಟಾರೂ ತಿರಗಿ ಕರೆಂಟ್ ಹುಟ್ಟತದ. ಫ್ಲಾಟ್‌ಬೆಡ್ ಕರಸ್ರಿ.