‘ಅಪ್ಪಂಗೆ ಹೇಳಲೇಬೇಡ ಅಂತಾನೆ ಅಣ್ಣ’: ಓದುಗರ ಸ್ಪಂದನ

ಅಪ್ಪಂಗೆ ಕ್ಯಾನ್ಸರ್, ಅದನ್ನ ಅವ್ರಿಗೆ ಹೇಳಲೇಬೇಡ ಅಂತಾನೆ ಅಣ್ಣ ಅಂತ ಬರ್ದ ನಿಮ್ಮ ಪತ್ರ ಓದ್ತಾ ನಮ್ಮನೆ ಕಥೆನೇ ಓದ್ದಂಗಾಯ್ತು ತಂಗಿ. ನಮ್ಮಪ್ಪಂಗೂ ಲಂಗ್ ಕ್ಯಾನ್ಸರ್, ನಾಲ್ಕನೇ ಸ್ಟೇಜ್. ಡಾಕ್ಟ್ರು ನಮ್ಮನ್ನಷ್ಟೇ ಒಳಗೆ ಕರೀತಿದ್ರು, ಆಚೆ ಬಂದ್ರೆ ಅಪ್ಪ ಫೈಲ್ ತೊಡೆ ಮೇಲಿಟ್ಕೊಂಡು ‘ಏನಂದ್ರು?’ ಅನ್ನೋರು, ನಾವು ‘ಏನಿಲ್ಲ, ಸಣ್ಣ ಗಡ್ಡೆ’ ಅಂತಿದ್ವಿ. ಒಂದಿನ ನಕ್ಕೊಂಡೇ ಅಂದ್ರು, ‘ಆಸ್ಪತ್ರೆ ಬೋರ್ಡ್ ಮೇಲೆ ಮಾರುದ್ದ ಕ್ಯಾನ್ಸರ್ ಅಂತ ಬರ್ದವ್ರೆ, ನಂಗೆ ಓದಕ್ಕೆ ಬರಲ್ವೇನಮ್ಮ?’

ಆಮೇಲೆ ಪ್ಯಾಲಿಯೇಟಿವ್ ಡಾಕ್ಟ್ರು, ಅಂದ್ರೆ ನೋವು ಸಂಕಟ ಕಮ್ಮಿ ಮಾಡೋಕೆ ನೋಡೋ ಡಾಕ್ಟ್ರು, ಅಪ್ಪನ್ನೇ ಕೂರಿಸ್ಕೊಂಡು, ನಿಮಗೇನು ಗೊತ್ತು, ಇನ್ನೆಷ್ಟು ತಿಳ್ಕೋಬೇಕು ಅನ್ಸತ್ತೆ ಅಂತ ಕೇಳಿದ್ರು. ‘ಎಷ್ಟು ದಿನ ಅಂತ ಹೇಳ್ಬೇಡಿ, ಈ ಕೀಮೋದಿಂದ ವಾಸಿಯಾಗತ್ತಾ ಇಲ್ಲ ಬರೀ ತಡಿಯತ್ತಾ, ಅಷ್ಟು ಹೇಳಿ’ ಅಂದ್ರು ಅಪ್ಪ. ಊರ ತೇರಿಗೆ ಹೋಗ್ಲೇಬೇಕು ಅಂದ್ರು, ಡಾಕ್ಟ್ರು ಆ ಸಲದ ಕೀಮೋನ ಒಂದು ವಾರ ಮುಂದಕ್ಕೆ ಹಾಕಿದ್ರು. ನಾವು ಕೇಳಿದ್ರೆ ಹಾಕ್ತಿದ್ರೋ ಇಲ್ವೋ.
– ಒಬ್ಬ ಮಗಳು, ತುಮಕೂರು

ನಾನು ನರ್ಸ್. ಡಾಕ್ಟ್ರ ಹತ್ರ ಸಿಗೋದೇ ಐದು ನಿಮಿಷ, ಹಿಂದಿನ ರಾತ್ರಿನೇ ಅಪ್ಪನ್ನ ಕೇಳಿ ಎರಡ್ಮೂರು ಪ್ರಶ್ನೆ ಚೀಟಿಲಿ ಬರ್ಕೊಳಿ, ಅವ್ರ ಮಾತಲ್ಲೇ. ನೋವು ಹತ್ತಕ್ಕೆಷ್ಟು, ಯಾವ ಹೊತ್ತಲ್ಲಿ ಜಾಸ್ತಿ, ಅದೂ ಇರ್ಲಿ. ಜೋರು ನೋವಿಗೆ ಕೊಡೋ ಮಾರ್ಫಿನ್ ಅಂದ್ರೆ ಕೊನೇ ಔಷಧಿ ಅಂತ ಹೆದರ್ಬೇಡಿ, ಅದರ ಮಾಮೂಲಿ ಮಾತ್ರೆ ಆದ್ರೆ ಸಾಮಾನ್ಯವಾಗಿ 4 ಗಂಟೆಗೊಂದು ಬರೀತಾರೆ, ನೋವು ಏರೋವರ್ಗೂ ಕಾಯದೆ ಹೇಳಿದ ಟೈಮಿಗೇ ಕೊಡಿ, ಮಲಬದ್ಧತೆಗೂ ಜೊತೆಗೇ ಔಷಧಿ ಬರೆಸ್ಕೊಳಿ. ಪ್ಯಾಲಿಯೇಟಿವ್ ಅಂದ್ರೆ ಕೈಬಿಟ್ರು ಅಂತಲ್ಲ, ಕೀಮೋ ನಡೀವಾಗ್ಲೇ ತಗೋಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಲಿ ಅದಕ್ಕೇ ವಿಭಾಗ ಇದೆ, ಬೆಂಗಳೂರಲ್ಲಿದ್ರೆ ಕರುಣಾಶ್ರಯ ಅನ್ನೋ ಆರೈಕೆ ಸಂಸ್ಥೆಯೋರು ಮನೆಗೂ ಬರ್ತಾರೆ, ದುಡ್ಡು ತಗೊಳಲ್ಲ.
– ಬೆಂಗಳೂರಿನಿಂದ

ವೆಂಟಿಲೇಟರ್ ಬೇಕು ಬೇಡ ಅಂತ ಐಸಿಯು ಬಾಗಿಲಲ್ಲಿ ನಾನೂ ನಮ್ಮಣ್ಣನೂ ಕಿತ್ತಾಡಿದ್ವಿ, ಈಗ್ಲೂ ಮಾತು ಅಷ್ಟಕ್ಕಷ್ಟೇ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಅಪ್ಪ ಬುದ್ಧಿ ನೆಟ್ಟಗಿರುವಾಗ್ಲೇ ಬರ್ದಿಟ್ಟಿದ್ರೆ ಆ ಜಗಳ ಇರ್ತಿರ್ಲಿಲ್ಲ. ಹಿಂಗೆ ಬರ್ದಿಡೋದಕ್ಕೆ ‘ಲಿವಿಂಗ್ ವಿಲ್’ ಅಂತಾರೆ, ಸುಪ್ರೀಂ ಕೋರ್ಟು 2018ರಲ್ಲೇ ಒಪ್ಪಿದೆ, 2023ರಲ್ಲಿ ಇನ್ನೂ ಸುಲಭ ಮಾಡ್ತು, ಇಬ್ರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಸಹಿ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ 2025ರ ಜನವರಿಲಿ ಇದರ ಬಗ್ಗೆ ಆದೇಶ ಹೊರಡಿಸ್ತು. ಮನಸ್ಸು ಬದಲಾದ್ರೆ ಬದಲಾಯಿಸ್ಬಹುದು. ಇಂಜೆಕ್ಷನ್ ಕೊಟ್ಟು ಸಾಯ್ಸೋದಲ್ಲ ಇದು, ನಿಮ್ಮಣ್ಣಂಗೆ ಅದನ್ನ ಮೊದ್ಲು ಹೇಳಿ.
– ಮೈಸೂರಿನಿಂದ

ಎಲ್ರೂ ಅಪ್ಪಂದೇ ಹೇಳ್ತಿದಾರೆ. ಅಮ್ಮ ಮೂರು ತಿಂಗಳಿಂದ ವಾರ್ಡಿನ ನೆಲದ ಮೇಲೆ ಮಲಗ್ತಿದಾರೆ ಅಂತ ಒಂದೇ ಸಾಲಲ್ಲಿ ಬರ್ದು ಮುಂದೆ ಹೋಗಿದೀರಲ್ಲ, ನಂಗೆ ಅಲ್ಲೇ ಕಣ್ಣು ನಿಂತ್ಬಿಡ್ತು. ಮುಂದಿನ ಸಲ ಡಾಕ್ಟ್ರ ಮುಂದೆ ಅವ್ರನ್ನೂ ಕೂರ್ಸಿ. ರಾತ್ರಿ ಅಪ್ಪ ಎಷ್ಟು ಸಲ ಎದ್ರು, ಎಷ್ಟು ಮಾತ್ರೆ ದಿಂಬಿನಡಿ ಸೇರ್ತು, ಅದು ಅವ್ರಿಗೊಬ್ರಿಗೇ ಗೊತ್ತು. ವಾರಕ್ಕೆರಡು ರಾತ್ರಿ ನಿಮ್ಮಣ್ಣ ಮಲಗ್ಲಿ ಅಲ್ಲಿ.
– ಹೆಸರು ಬೇಡ, ಹುಬ್ಬಳ್ಳಿ